ಒಲೆ ಆರಿಸಿದ ಮೇಲಿನ ಹೊತ್ತು

ಮಗಾ,

ಬೆಂಗಳೂರಿನಲ್ಲಿ ಗೆಳೆಯರಿಬ್ಬರ ಜೊತೆ ಬಾಡಿಗೆ ಮನೆ ಹಿಡಿದು ನೀನೇ ಅಡುಗೆಗೆ ಕೈಹಾಕಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಕೇಳಿ ತುಂಬ ಸಂತೋಷವಾಯಿತು. ಅವಳು ಇನ್ನೊಂದು ಮಾತನ್ನೂ ಹೇಳಿದಳು. ಬೆಳಗ್ಗೆ ಒಂದೇ ಸಲ ಕುಕ್ಕರ್ ತುಂಬ ಅನ್ನ ಇಟ್ಟು, ಮುಚ್ಚಳ ಮುಚ್ಚಿದ ಹಾಗೇ ಕಟ್ಟೆಯ ಮೇಲೆ ಬಿಟ್ಟು ಕೆಲಸಕ್ಕೆ ಹೋಗಿ, ರಾತ್ರಿ ಬಂದು ಅದನ್ನೇ ಚಿತ್ರಾನ್ನ ಮಾಡಿಕೊಳ್ಳುತ್ತೀರಂತೆ. ಆ ಮಾತು ಕೇಳಿದಾಗಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಫೋನಿನಲ್ಲಿ ಹೇಳಿದರೆ ‘ಆಯ್ತು ದೊಡ್ಡಮ್ಮ’ ಅಂದುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ, ಬಿಡುವು ಮಾಡಿಕೊಂಡು ಪೂರ್ತಿ ಓದು.

ತಾಲೂಕು ಆಸ್ಪತ್ರೆಯಲ್ಲಿ ನರ್ಸಾಗಿದ್ದಷ್ಟು ಕಾಲವೂ ವಾಂತಿಭೇದಿ ಎಂದು ಬಂದವರನ್ನು ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ‘ಏನು ತಿಂದಿರಿ?’ ಎಂಬುದು. ಉತ್ತರ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು: ‘ಹಳಸಿದ್ದೇನೂ ತಿಂದಿಲ್ಲ ಸಿಸ್ಟರ್, ಊಟ ಚೆನ್ನಾಗೇ ಇತ್ತು, ವಾಸನೆ ಗೀಸನೆ ಬಂದಿರಲಿಲ್ಲ.’ ಅವರು ಸುಳ್ಳು ಹೇಳುತ್ತಿರಲಿಲ್ಲ. ಊಟವನ್ನು ಕೆಡಿಸುವ ಜೀವಾಣುಗಳೇ ಬೇರೆ, ಉಂಡವರನ್ನು ಕೆಡವುವ ಜೀವಾಣುಗಳೇ ಬೇರೆ. ಮೊದಲಿನವು ಲೋಳೆ ಕಟ್ಟಿಸುತ್ತವೆ, ಹುಳಿವಾಸನೆ ಎಬ್ಬಿಸುತ್ತವೆ, ನಮಗೆ ಗೊತ್ತಾಗುವಂತೆ ಮಾಡುತ್ತವೆ. ಎರಡನೆಯವು ಬಣ್ಣ, ರುಚಿ, ವಾಸನೆ ಒಂದನ್ನೂ ಬದಲಿಸದೆ ಲಕ್ಷಗಟ್ಟಲೆ ಬೆಳೆದಿರಬಹುದು. ಹಾಗಾಗಿ ಮೂಗಿನ ಹತ್ತಿರ ಹಿಡಿದು ‘ಪರವಾಗಿಲ್ಲ, ತಿನ್ನಬಹುದು’ ಅನ್ನುವುದು ಪರೀಕ್ಷೆಯೇ ಅಲ್ಲ. ಒಲೆಯಿಂದ ಇಳಿಸಿ ಎಷ್ಟು ಹೊತ್ತಾಯಿತು, ಅಷ್ಟು ಹೊತ್ತು ಅದು ಎಲ್ಲಿತ್ತು ಎಂದು ಕೇಳಿಕೊಳ್ಳಬೇಕು. ನಾನು ನಿನಗೆ ಹೇಳಬೇಕೆಂದಿರುವುದರ ತಿರುಳು ಇಷ್ಟೇ. ಮಿಕ್ಕದ್ದೆಲ್ಲ ಇದರ ವಿವರ.

ಅನ್ನದಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಅನ್ನದ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ. ಮಾಂಸ, ಮೀನು ಅಂದರೆ ಎಲ್ಲರೂ ಎಚ್ಚರವಾಗಿರುತ್ತಾರೆ. ಅಕ್ಕಿಯಲ್ಲಿ, ಹೊಲದ ಮಣ್ಣಿನಿಂದಲೇ ಬಂದ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣು ಇರುತ್ತದೆ. ಅದಕ್ಕೆ ಬಿಸಿ ತಾಗಿದಾಗ ಸಾಯದೆ ಉಳಿಯುವ ಒಂದು ರೂಪವಿದೆ, ಸ್ಪೋರ್ ಅನ್ನುತ್ತಾರೆ. ಗಟ್ಟಿ ಕವಚ ತೊಟ್ಟು ಮುದುಡಿಕೊಂಡ ಸ್ಥಿತಿ ಅದು. ಅನ್ನ ಕುದಿದರೂ ಆ ಸ್ಪೋರ್‌ಗಳು ಉಳಿದುಕೊಳ್ಳುತ್ತವೆ. ಅನ್ನ ಆರುತ್ತಾ ಉಗುರುಬೆಚ್ಚಗಾದಾಗ ಕವಚ ಬಿಟ್ಟು ಎದ್ದು ಬೆಳೆಯತೊಡಗುತ್ತವೆ. ಮುಚ್ಚಿಟ್ಟ ಕುಕ್ಕರಿನೊಳಗೆ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುವುದರಿಂದ ಅವಕ್ಕೆ ಅದಕ್ಕಿಂತ ಅನುಕೂಲದ ಜಾಗ ಬೇಕಿಲ್ಲ. ಬೆಳೆಯುತ್ತಾ ಅವು ಒಂದು ವಿಷವನ್ನು ಅನ್ನದಲ್ಲೇ ಬಿಡುತ್ತವೆ. ಆ ವಿಷ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ನಾಶವಾಗುವುದಿಲ್ಲ. ಅಂದಮೇಲೆ ನೀನು ಒಗ್ಗರಣೆ ಹಾಕಿ ಬಾಣಲೆಯಲ್ಲಿ ಐದು ನಿಮಿಷ ಕೈಯಾಡಿಸಿದರೆ ಏನಾದೀತು? ನಿಂಬೆಹಣ್ಣು ಹಿಂಡಿದರೂ ಆಗಲೇ ಸೇರಿದ ವಿಷ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ಹೊಟ್ಟೆ ತೊಳಸಿ ವಾಂತಿ ಶುರುವಾಗುತ್ತದೆ.

20 ನಿಮಿಷಕ್ಕೊಮ್ಮೆ ಒಂದು ಎರಡಾಗುವ ಜೀವಾಣು ಏಳು ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ಬೇಕಿದ್ದರೆ ನೀನೇ ಲೆಕ್ಕ ಹಾಕಿ ನೋಡು. ಮೊದಲ ಎರಡು ಗಂಟೆಯಲ್ಲಿ ಆಗುವುದು 64, ಕೊನೆಯ ಒಂದೇ ಗಂಟೆಯಲ್ಲಿ ಹುಟ್ಟುವುದು ಹದಿನೆಂಟು ಲಕ್ಷಕ್ಕೂ ಹೆಚ್ಚು. ಮಾಡಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರ ಹಿಂದೆ ಇರುವುದು ಇದೇ ಗಣಿತ. 5 ಡಿಗ್ರಿಗಿಂತ ಕೆಳಗೆ ಬಹುಪಾಲು ಜೀವಾಣುಗಳ ಬೆಳವಣಿಗೆ ತೀರಾ ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ, 60 ಡಿಗ್ರಿಗಿಂತ ಮೇಲೆ ಬೆಳೆಯಲಾರವು. ನಡುವಿನ ಶಾಖವೇ ಅವುಗಳ ಸುಗ್ಗಿ. ನಮ್ಮ ಬೇಸಿಗೆಯ ಅಡುಗೆಮನೆ ಇರುವುದೇ ಆ ಶಾಖದಲ್ಲಿ.

ಹಾಗಾದರೆ ಏನು ಮಾಡಬೇಕು ಅಂದರೆ, ಊಟವಾದ ಕೂಡಲೇ ಉಳಿದ ಅನ್ನವನ್ನು ಅಗಲವಾದ ತಟ್ಟೆಗೆ ಹರವು. ಹಬೆ ಹೋದ ಮೇಲೆ ಚಿಕ್ಕ ಚಿಕ್ಕ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡು. ಕುಕ್ಕರನ್ನೇ ಎತ್ತಿ ಫ್ರಿಜ್ಜಿಗಿಟ್ಟರೆ ನಡುವಿನ ಅನ್ನ ಎಷ್ಟೋ ಹೊತ್ತು ಬೆಚ್ಚಗೇ ಇರುತ್ತದೆ, ಪ್ರಯೋಜನವಿಲ್ಲ. ಮಾರನೇ ದಿನದೊಳಗೆ ತಿಂದು ಮುಗಿಸು. ಬೇಕಾದಷ್ಟನ್ನು ಮಾತ್ರ ತೆಗೆದು, ಹಬೆಯಾಡುವಂತೆ ಬಿಸಿಮಾಡು. ಬಿಸಿಮಾಡಿದ್ದು ಮಿಕ್ಕರೆ ಮತ್ತೆ ಒಳಗಿಡಬೇಡ. ಇದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಅಕ್ಕಿ ತೊಳೆದಿಟ್ಟರೆ ಅನ್ನ ಆಗುವುದಕ್ಕೆ ಎಷ್ಟು ಹೊತ್ತು? ರಾತ್ರಿ ಬಂದು ಒಂದು ಲೋಟ ಅಕ್ಕಿ ಇಡು.

ನೀನು ಕೇಳಬಹುದು, ‘ಅಜ್ಜಿ ದಿನಾ ತಂಗಳನ್ನ ತಿನ್ನುತ್ತಿದ್ದಳಲ್ಲ ದೊಡ್ಡಮ್ಮ, ಅವಳಿಗೇನಾಯಿತು?’ ಅಂತ. ನ್ಯಾಯವಾದ ಪ್ರಶ್ನೆ. ಅಜ್ಜಿ ರಾತ್ರಿ ಮಿಕ್ಕ ಅನ್ನವನ್ನು ಒಣಗಿದ ಹಾಗೇ ಬಿಡುತ್ತಿರಲಿಲ್ಲ. ಉಂಡೆದ್ದ ತಕ್ಷಣ ಮುಳುಗುವಷ್ಟು ನೀರು ಹಾಕಿ ಮಣ್ಣಿನ ಮಡಕೆಯಲ್ಲಿಡುತ್ತಿದ್ದಳು. ಅನ್ನ ಬೇಗ ತಣ್ಣಗಾಗುತ್ತಿತ್ತು, ರಾತ್ರಿಯೆಲ್ಲ ಒಳ್ಳೆಯ ಜೀವಾಣುಗಳು ಅದನ್ನು ಹುಳಿಯಾಗಿಸುತ್ತಿದ್ದವು, ಆ ಹುಳಿಯಲ್ಲಿ ಕೆಟ್ಟವು ಬೆಳೆಯುವುದು ಕಷ್ಟವಾಗುತ್ತಿತ್ತು. ಬೆಳಗ್ಗೆ ಎದ್ದು ಮಜ್ಜಿಗೆ, ಈರುಳ್ಳಿ ಸೇರಿಸಿ ತಿಂದು ಮುಗಿಸುತ್ತಿದ್ದೆವು, ಮಧ್ಯಾಹ್ನಕ್ಕೆ ಉಳಿಸುತ್ತಿರಲಿಲ್ಲ. ದಿನವಿಡೀ ಕುಕ್ಕರಿನಲ್ಲಿ ಬಿದ್ದಿದ್ದ ಅನ್ನಕ್ಕೆ ರಾತ್ರಿ ನೀರು ಸುರಿದರೆ ಅದು ತಂಗಳನ್ನ ಆಗುವುದಿಲ್ಲ. ಹೆಸರು ಒಂದೇ ಇರಬಹುದು, ಮಾಡುವ ಕ್ರಮ ಬಿಟ್ಟರೆ ಗುಣವೂ ಹೋಯಿತು.

ಬೀಗರೂಟ, ಊರಹಬ್ಬ, ಜಾತ್ರೆಗಳ ಮಾರನೇ ದಿನ ನಮ್ಮ ವಾರ್ಡಿಗೆ ಜನ ಗುಂಪುಗುಂಪಾಗಿ ಬರುತ್ತಿದ್ದರು. ಅದರ ಕಾರಣವೂ ತಿಳಿದಿರಲಿ. ದೊಡ್ಡ ಹಂಡೆಯ ಕುರಿಸಾರನ್ನು ಒಲೆಯಿಂದ ಇಳಿಸಿದರೆ ಅದು ತಣ್ಣಗಾಗುವುದಕ್ಕೆ ಅರ್ಧ ದಿನ ಬೇಕು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಇನ್ನೊಂದು ಸ್ಪೋರ್ ಜೀವಾಣು 45 ಡಿಗ್ರಿಯ ಆಸುಪಾಸಿನಲ್ಲಿ ಹತ್ತು ನಿಮಿಷಕ್ಕೆಲ್ಲ ಎರಡಾಗುತ್ತದೆ, ಅದೂ ಗಾಳಿಯಾಡದ ತಳದಲ್ಲಿ. ರಾತ್ರಿಯ ಸಾರನ್ನು ಬೆಳಗ್ಗೆ ಸ್ವಲ್ಪ ಬೆಚ್ಚಗೆ ಮಾಡಿ ಬಡಿಸಿದರೆ, ಎಂಟು ಹನ್ನೆರಡು ಗಂಟೆಯ ಮೇಲೆ ಹೊಟ್ಟೆನುಲಿತ, ನೀರುಭೇದಿ. ಇಲ್ಲಿ ಒಂದು ವ್ಯತ್ಯಾಸ ಗಮನಿಸು. ಈ ಜೀವಾಣು ವಿಷ ಬಿಡುವುದು ನಮ್ಮ ಕರುಳಿನೊಳಗೆ ಹೋದ ಮೇಲೆ. ಹಾಗಾಗಿ ಸಾರನ್ನು ಕೊತಕೊತ ಕುದಿಸಿದರೆ ಇದು ಸಾಯುತ್ತದೆ, ಅಪಾಯ ತಪ್ಪುತ್ತದೆ. ಅನ್ನದ ವಿಷಕ್ಕೆ ಕುದಿ ಲೆಕ್ಕವಿಲ್ಲ, ಸಾರಿನ ಜೀವಾಣುವಿಗೆ ಕುದಿಯೇ ಮದ್ದು. ಎರಡಕ್ಕೂ ಒಟ್ಟಿಗೆ ನಡೆಯುವ ಉಪಾಯ ಒಂದೇ, ಬೇಗ ತಣ್ಣಗೆ ಮಾಡುವುದು. ನಿನ್ನ ಮನೆಯ ಬೇಳೆಸಾರಿಗೂ ಕೋಳಿಸಾರಿಗೂ ಇದೇ ನಿಯಮ. ಪಾತ್ರೆಯನ್ನು ತಣ್ಣೀರಿನ ಬೇಸಿನ್ನಿನಲ್ಲಿಟ್ಟು ಸೌಟು ಆಡಿಸುತ್ತಿದ್ದರೆ ಬೇಗ ಆರುತ್ತದೆ.

ಕೋಳಿಯ ವಿಷಯಕ್ಕೆ ಬಂದೆ, ಹೇಳಿಬಿಡುತ್ತೇನೆ. ಅಂಗಡಿಯಿಂದ ತಂದ ಹಸಿ ಕೋಳಿಯನ್ನು ಸಿಂಕಿನಲ್ಲಿ ನಲ್ಲಿ ಬಿಟ್ಟು ತೊಳೆಯಬೇಡ. ನೀರಿನ ಜೊತೆ ಸಿಡಿದ ಹನಿಗಳು ಪಕ್ಕದ ಸೌತೆಕಾಯಿಯ ಮೇಲೆ, ತೊಳೆದಿಟ್ಟ ತಟ್ಟೆಯ ಮೇಲೆ ಕೂರುತ್ತವೆ. ಅದರಲ್ಲಿರುವ ಸಾಲ್ಮೊನೆಲ್ಲ ತೊಳೆದರೆ ಹೋಗುವಂಥದ್ದಲ್ಲ, ಬೆಂದರೆ ಮಾತ್ರ ಸಾಯುವಂಥದ್ದು. ತೊಳೆಯಲೇಬೇಕು ಅನ್ನಿಸಿದರೆ ಪಾತ್ರೆಯೊಳಗೆ ನೀರು ಹಾಕಿ ಮೆಲ್ಲಗೆ ತೊಳೆದು, ಆ ನೀರನ್ನು ಹುಷಾರಾಗಿ ಚೆಲ್ಲಿ, ಸಿಂಕನ್ನು ಸೋಪುಹಾಕಿ ಉಜ್ಜು. ಹಸಿ ಮಾಂಸ ಹೆಚ್ಚಿದ ಮಣೆ, ಚಾಕುವನ್ನು ಸೋಪಿನಲ್ಲಿ ತೊಳೆಯದೆ ಈರುಳ್ಳಿಗೆ ಮುಟ್ಟಿಸಬೇಡ. ಫ್ರಿಜ್ಜಿನಲ್ಲಿ ಹಸಿ ಮಾಂಸ ಕೆಳಗಿನ ಶೆಲ್ಫಿನಲ್ಲಿ, ಮುಚ್ಚಿದ ಡಬ್ಬಿಯಲ್ಲಿ. ಮೇಲಿಟ್ಟರೆ ರಕ್ತದ ನೀರು ತೊಟ್ಟಿಕ್ಕಿ ಕೆಳಗಿನ ಮೊಸರಿಗೆ ಬೀಳುತ್ತದೆ.

ನಿನ್ನ ಮಂಗಳೂರಿನ ಗೆಳೆಯ ಬಂಗುಡೆ ತರುತ್ತಾನಂತೆ. ಬಂಗುಡೆ, ಸೂರೆಯಂಥ ಮೀನು ಐಸಿಲ್ಲದೆ ಬಿಸಿಲಲ್ಲಿ ಕೂತರೆ ಅದರ ಮಾಂಸದಲ್ಲೇ ಹಿಸ್ಟಮಿನ್ ಹುಟ್ಟಿಕೊಳ್ಳುತ್ತದೆ. ಹುರಿದರೂ ಸಾರು ಮಾಡಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ತುರಿಕೆ, ತಲೆನೋವು, ಎದೆಬಡಿತ ಶುರುವಾಗುತ್ತದೆ. ಐಸಿನಲ್ಲಿಟ್ಟ ಮೀನನ್ನೇ ತರಲಿ, ತಂದ ಕೂಡಲೇ ಫ್ರಿಜ್ಜಿಗೆ ಹೋಗಲಿ.

ನಿಮ್ಮಮ್ಮ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತಾಳಲ್ಲ, ಅವಳಿಗೂ ನಾನು ಹೇಳಿದ್ದೇನೆ. ಬಿಸಿಬಿಸಿ ಕೋಳಿಸಾರನ್ನು ಸ್ಟೀಲ್ ಡಬ್ಬಿಗೆ ತುಂಬಿ, ಬಟ್ಟೆ ಸುತ್ತಿ, ರಾತ್ರಿಯಿಡೀ ಬಸ್ಸಿನ ಡಿಕ್ಕಿಯಲ್ಲಿ ಕಳಿಸುವುದು ಪ್ರೀತಿಯೇ, ಆದರೆ ಅಪಾಯದ ಪ್ರೀತಿ. ದಾರಿ ತಾಳುವ ತಿಂಡಿ ನಮ್ಮಲ್ಲಿ ಬೇಕಾದಷ್ಟಿದೆ. ಚಟ್ನಿಪುಡಿ, ಸಾರಿನಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಚಕ್ಕುಲಿ, ಖಡಕ್ ರೊಟ್ಟಿ. ನೀರಿನಂಶ ಇಲ್ಲದ್ದು, ಉಪ್ಪು ಹುಳಿ ಜಾಸ್ತಿ ಇರುವುದು ತಡೆಯುತ್ತದೆ. ಹಸಿ ತೆಂಗಿನಕಾಯಿ ಚಟ್ನಿ ತಡೆಯುವುದಿಲ್ಲ. ಅದು ಬೇಯದ್ದು, ರುಬ್ಬುವ ನೀರು, ಮಿಕ್ಸಿ ಜಾರಿನ ರಬ್ಬರು, ಕೈ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಬೆಳಗಿನ ಚಟ್ನಿ ಬೆಳಗ್ಗೆಯೇ ಮುಗಿಯಲಿ. ಮಿಕ್ಸಿ ಜಾರಿನ ಮುಚ್ಚಳದ ರಬ್ಬರನ್ನು ಬಿಚ್ಚಿ ತೊಳೆಯುವುದನ್ನು ಮರೆಯಬೇಡ.

ಕೈ ಬಗ್ಗೆ ಒಂದು ಮಾತು. ಸ್ಟ್ಯಾಫೈಲೊಕಾಕಸ್ ಎಂಬ ಜೀವಾಣು ಎಷ್ಟೋ ಆರೋಗ್ಯವಂತರ ಮೂಗಿನಲ್ಲೇ ಇರುತ್ತದೆ, ಗಾಯದಲ್ಲಿ, ಕುರುವಿನಲ್ಲಿ, ಉಗುರುಸುತ್ತಿನಲ್ಲಿ ತುಂಬಿರುತ್ತದೆ. ಅಂಥ ಕೈಯಿಂದ ಖೋವಾ ನಾದಿದರೆ, ಮೊಸರನ್ನ ಕಲಸಿದರೆ, ಪನೀರು ಹೆಚ್ಚಿದರೆ ಅದರಲ್ಲಿ ಬೆಳೆದು ವಿಷ ಬಿಡುತ್ತದೆ. ಈ ವಿಷವೂ ಬಿಸಿಗೆ ಬಗ್ಗುವುದಿಲ್ಲ. ಮನೆಯಲ್ಲಿ ಯಾರ ಬೆರಳಿಗೆ ಕೀವು ತುಂಬಿದೆಯೋ ಅವರಿಗೆ ಗುಣವಾಗುವ ತನಕ ಅಡುಗೆಯಿಂದ ರಜೆ. ಹಿಂದೆ ಮನೆಗಳಲ್ಲಿ ಮುಸುರೆ, ಎಂಜಲು ಅಂತ ನೋಡುತ್ತಿದ್ದರು. ಅದೇ ಹೆಸರಿನಲ್ಲಿ ಮನುಷ್ಯರನ್ನು ಹೊರಗಿಟ್ಟದ್ದು ಘೋರ ಅನ್ಯಾಯ, ಅದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ. ಆದರೆ ಬಾಯಿಗಿಟ್ಟ ಚಮಚವನ್ನು ಮತ್ತೆ ಪಾತ್ರೆಗೆ ಅದ್ದಬಾರದು, ಬೆಂದದ್ದನ್ನು ಮುಟ್ಟಿದ ಕೈಯನ್ನು ತೊಳೆದೇ ಇನ್ನೊಂದನ್ನು ಮುಟ್ಟಬೇಕು ಅನ್ನುವಷ್ಟು ಭಾಗವನ್ನು ಉಳಿಸಿಕೊಳ್ಳಬೇಕು. ಶೌಚಕ್ಕೆ ಹೋಗಿ ಬಂದ ಮೇಲೆ, ಅಡುಗೆಗೆ ಮೊದಲು, ಊಟಕ್ಕೆ ಮೊದಲು ಸೋಪು ಹಾಕಿ ಇಪ್ಪತ್ತು ಸೆಕೆಂಡು ಕೈ ಉಜ್ಜು. ಮೊಬೈಲು ಮುಟ್ಟಿದ ಮೇಲೂ ತೊಳೆ. ನಿಮ್ಮ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಾಗಿದೆ.

ಹೊರಗಿನ ಊಟ ಬೇಡ ಅಂದರೆ ನೀನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಒಂದನ್ನು ಮಾತ್ರ ಬಿಟ್ಟುಬಿಡು ಅಂತ ಕೇಳಿಕೊಳ್ಳುತ್ತೇನೆ, ಹಸಿಮೊಟ್ಟೆಯ ಮಯೋನೀಸ್. 2022ರ ಮೇ ತಿಂಗಳಲ್ಲಿ ನಮ್ಮ ಗಡಿಯಾಚೆಯ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ಹಲವರು ಹಾಸಿಗೆ ಹಿಡಿದರು, ಹದಿನಾರು ವರ್ಷದ ಒಬ್ಬ ವಿದ್ಯಾರ್ಥಿನಿ ತೀರಿಹೋದಳು. ಪರೀಕ್ಷೆಯಲ್ಲಿ ಶಿಗೆಲ್ಲ ಜೀವಾಣು ಸಿಕ್ಕಿತು. ಕೇರಳ 2023ರಲ್ಲಿ ಹಸಿಮೊಟ್ಟೆ ಮಯೋನೀಸನ್ನು ನಿಷೇಧಿಸಿತು, 2024ರಲ್ಲಿ ತೆಲಂಗಾಣ, 2025ರಲ್ಲಿ ತಮಿಳುನಾಡು ಒಂದೊಂದು ವರ್ಷದ ಮಟ್ಟಿಗೆ ನಿಷೇಧ ಹೇರಿದವು. ಶವರ್ಮದ ಕಂಬಿಯ ಮೇಲಿನ ಮಾಂಸ ಹೊರಗೆ ಕೆಂಪಗೆ ಕಂಡರೂ ಒಳಗೆ ಬೆಂದಿರಬೇಕೆಂದಿಲ್ಲ. ಬೇಯಿಸಿದ ತಕ್ಷಣ ತಟ್ಟೆಗೆ ಬೀಳುವ ದೋಸೆ, ಇಡ್ಲಿ, ಬಿಸಿ ಕಾಫಿ ಇವುಗಳಲ್ಲಿ ಅಪಾಯ ಬಹಳ ಕಡಿಮೆ. ಪಾನಿಪೂರಿಯ ನೀರು, ಕಬ್ಬಿನಹಾಲಿಗೆ ಹಾಕುವ ಐಸು, ಕತ್ತರಿಸಿಟ್ಟ ಹಣ್ಣು ಇವುಗಳಲ್ಲಿ ಜಾಸ್ತಿ. ಕುಡಿಯುವ ನೀರು ಸಂಪಿನದೋ ಟ್ಯಾಂಕರಿನದೋ ಆದರೆ ಚೆನ್ನಾಗಿ ಕುದಿ ಬರಿಸಿ ಆರಿಸಿ ಕುಡಿ. ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರಲ್ಲಿ ಜೀವಗಳು ಹೋದದ್ದು ಕಲುಷಿತ ನೀರು ಕುಡಿದು.

ಜೀವಾಣು ಇಲ್ಲದೆಯೂ ಊಟ ವಿಷವಾಗುವುದುಂಟು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ, ಮೊಸರು ಇಟ್ಟರೆ ಕಿಲುಬು ಹತ್ತುತ್ತದೆ, ತಿಂದವರು ಸ್ವಲ್ಪ ಹೊತ್ತಿಗೇ ವಾಂತಿ ಮಾಡುತ್ತಾರೆ. ಹಳೇ ಪಾತ್ರೆ ಚೆಂದ ಅಂತ ಊರಿಂದ ಒಯ್ದಿದ್ದೀಯಂತೆ, ಕಲಾಯಿ ಹಾಕಿಸದೆ ಅದರಲ್ಲಿ ಸಾರು ಮಾಡಬೇಡ. ರಾಜ್ಮಾ ಕಾಳನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಬೇಕು. ಅರೆಬೆಂದ ರಾಜ್ಮಾ ಒಂದರಿಂದ ಮೂರು ಗಂಟೆಯೊಳಗೆ ಹೊಟ್ಟೆಯನ್ನು ಹಿಂಡಿಬಿಡುತ್ತದೆ. ಸೋರೆಕಾಯಿಯ ಚೂರನ್ನು ನಾಲಗೆಗಿಟ್ಟು ನೋಡು, ಕಹಿ ಇದ್ದರೆ ಪೂರ್ತಿ ಎಸೆ. ಆರೋಗ್ಯಕ್ಕೆ ಒಳ್ಳೆಯದು ಅಂತ ಕಹಿಯಾದ ಸೋರೆ ರಸ ಕುಡಿದು ರಕ್ತವಾಂತಿಯಾದವರಿದ್ದಾರೆ, ಸತ್ತವರೂ ಇದ್ದಾರೆ, ಅದಕ್ಕೆ ಪ್ರತಿವಿಷವಿಲ್ಲ. ಮಳೆಗಾಲದಲ್ಲಿ ಮಲೆನಾಡಿಗೆ ಹೋದಾಗ ಗುರುತಿಲ್ಲದ ಅಣಬೆ ಕಿತ್ತು ಬೇಯಿಸಬೇಡ. ಕೆಲವು ವಿಷದ ಅಣಬೆ ತಿಂದ ಆರು ಗಂಟೆ, ಹನ್ನೆರಡು ಗಂಟೆ ಏನೂ ತೋರಿಸದೆ ಇದ್ದು, ಆಮೇಲೆ ಯಕೃತ್ತನ್ನೇ ಹಾಳುಮಾಡುತ್ತವೆ. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದ ತಿಂದವರು ಸತ್ತದ್ದು ಅದರಲ್ಲಿ ಕೀಟನಾಶಕ ಬೆರೆತಿದ್ದರಿಂದ. ಊಟವಾದ ಮೇಲೆ ಜೊಲ್ಲು ಸುರಿಯುವುದು, ವಿಪರೀತ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಉಸಿರಾಟದ ಕಷ್ಟ ಕಂಡರೆ ಮನೆಮದ್ದಿಗೆ ಒಂದು ನಿಮಿಷವನ್ನೂ ಕಳೆಯಬೇಡ, 108ಕ್ಕೆ ಕರೆಮಾಡು.

ಇಷ್ಟೆಲ್ಲ ಎಚ್ಚರವಾಗಿದ್ದರೂ ಒಂದು ದಿನ ಹೊಟ್ಟೆ ಕೆಡಬಹುದು. ಆಗ ಎಲ್ಲರೂ ಕೊನೆಯ ಊಟವನ್ನು, ಅದರಲ್ಲೂ ಹೋಟೆಲಿನ ಊಟವನ್ನು ಬೈಯುತ್ತಾರೆ. ಸಾಮಾನ್ಯವಾಗಿ ತಿಂದ ಒಂದೆರಡು ಗಂಟೆಗೇ ವಾಂತಿಯಾದರೆ ಕೊನೆಯ ಊಟದ ಮೇಲೆ ಅನುಮಾನ ಪಡಬಹುದು. ಜ್ವರದೊಂದಿಗೆ ಭೇದಿಯಾದರೆ ಸಾಲ್ಮೊನೆಲ್ಲ, ಶಿಗೆಲ್ಲದಂಥವು ಒಂದು ದಿನ, ಎರಡು ದಿನ, ಇನ್ನೂ ಹಿಂದೆ ಹೊಕ್ಕಿರಬಹುದು. ಟೈಫಾಯ್ಡ್ ಆದರೆ ವಾರಗಳ ಹಿಂದಿನ ಮಾತು. ಆದ್ದರಿಂದ ಡಾಕ್ಟರ ಹತ್ತಿರ ಹೋದಾಗ ಮೂರು ದಿನದ ಊಟವನ್ನು ನೆನಪು ಮಾಡಿ ಹೇಳು, ಜೊತೆಗೆ ತಿಂದವರಲ್ಲಿ ಯಾರಿಗೆ ಆಯಿತು, ಯಾರಿಗೆ ಆಗಲಿಲ್ಲ ಎಂಬುದನ್ನೂ ಹೇಳು.

ಬಹುಪಾಲು ಹೊಟ್ಟೆಕೆಡುವಿಕೆ ಒಂದೆರಡು ದಿನದಲ್ಲಿ ತಾನಾಗಿಯೇ ನಿಲ್ಲುತ್ತದೆ. ಆ ನಡುವೆ ಪ್ರಾಣಕ್ಕೆ ಅಪಾಯ ತರುವುದು ಹೆಚ್ಚಾಗಿ ಮೈಯಿಂದ ಹರಿದುಹೋಗುವ ನೀರು ಮತ್ತು ಲವಣ. ಇದನ್ನು ತುಂಬುವ ದಾರಿ ಎಷ್ಟು ಸರಳ ಎಂಬುದನ್ನು ಜಗತ್ತಿಗೆ ತೋರಿಸಿದವರಲ್ಲಿ ಮುಖ್ಯರು ಬಂಗಾಳದ ಡಾ. ದಿಲೀಪ್ ಮಹಲನಾಬಿಸ್. 1971ರ ಬಾಂಗ್ಲಾ ಯುದ್ಧದ ವೇಳೆ ಬನಗಾಂವಿನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ನರಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂತು, ರೋಗಿಗಳು ನೆಲದ ಮೇಲೆ ಮಲಗಿದ್ದರು. ಡಾಕ್ಟರು ಉಪ್ಪು, ಅಡುಗೆಸೋಡಾ, ಗ್ಲೂಕೋಸನ್ನು ಅಳತೆಯಲ್ಲಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ, ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಭೇದಿಯಾಗುತ್ತಿರುವಾಗಲೂ ಕರುಳಿನ ಒಂದು ಬಾಗಿಲು ತೆರೆದೇ ಇರುತ್ತದೆ. ಅಲ್ಲಿ ಗ್ಲೂಕೋಸು ಉಪ್ಪಿನ ಕೈಹಿಡಿದು ಒಳಗೆ ಕರೆದೊಯ್ಯುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. ಬರೀ ನೀರು ಕುಡಿದರೆ ಈ ಕೆಲಸ ಆಗುವುದಿಲ್ಲ. ಮಹಲನಾಬಿಸ್ ತೀರಿಕೊಂಡ ಮರುವರ್ಷ, 2023ರಲ್ಲಿ, ಅವರಿಗೆ ಪದ್ಮವಿಭೂಷಣ ಬಂತು. ಬದುಕಿದ್ದಾಗಲೇ ಬರಬೇಕಿತ್ತು. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅನ್ನುವುದು ನನ್ನ ಆಸೆ. ಅಂಥದೇ ಪೊಟ್ಟಣ ಈಗ ಅಂಗಡಿಯಲ್ಲಿ ಸಿಗುವ ಓಆರ್‌ಎಸ್.

ಓಆರ್‌ಎಸ್ ಪೊಟ್ಟಣದ ಮೇಲೆ ಒಂದು ಲೀಟರು ಅಂತ ಇದ್ದರೆ ಪೂರ್ತಿ ಪೊಟ್ಟಣ, ಪೂರ್ತಿ ಒಂದು ಲೀಟರು ಕುದಿಸಿ ಆರಿಸಿದ ನೀರು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕುವುದು ತಪ್ಪು, ಉಪ್ಪು ಜಾಸ್ತಿಯಾದರೆ ಮಕ್ಕಳಿಗೆ ಅಪಾಯ. ಹಾಲು, ಹಣ್ಣಿನ ರಸದಲ್ಲಿ ಬೆರೆಸಬೇಡ, ಮೇಲೆ ಸಕ್ಕರೆ ಹಾಕಬೇಡ. ಕರಗಿಸಿದ್ದನ್ನು 24 ಗಂಟೆಯೊಳಗೆ ಮುಗಿಸು, ಮಿಕ್ಕರೆ ಚೆಲ್ಲು. ಪೊಟ್ಟಣ ಸಿಗದ ಹೊತ್ತಿನಲ್ಲಿ ಒಂದು ಲೀಟರು ನೀರಿಗೆ ಟೀ ಚಮಚದಿಂದ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಂಗಡಿಯಲ್ಲಿ ಡಬ್ಬಿ ಪಾನೀಯಗಳಿಗೆ ಓಆರ್‌ಎಸ್ ಅಂತ ಹೆಸರಿಟ್ಟು ಮಾರುತ್ತಿದ್ದರು. ಅವುಗಳಲ್ಲಿ ಸಕ್ಕರೆ ವಿಪರೀತ, ಭೇದಿ ಹೆಚ್ಚಿಸುವಂಥವು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಕೂಡದೆಂದು ಆದೇಶಿಸಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿದೆಯೇ ಎಂದು ಓದಿಯೇ ಕೊಳ್ಳು.

ವಾಂತಿಯಾಗುತ್ತಿದ್ದರೆ ಗಟಗಟ ಕುಡಿಯಬೇಡ. ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ಚಮಚ ಚಮಚವಾಗಿ ಗುಟುಕರಿಸು. ನಿನ್ನ ಅಕ್ಕನ ಕೂಸಿಗೆ ಹೀಗಾದರೆ ಎದೆಹಾಲು ನಿಲ್ಲಿಸಬಾರದು, ಭೇದಿಯಾದ ಪ್ರತಿಸಲ 50ರಿಂದ 100 ಮಿಲಿ ಓಆರ್‌ಎಸ್ ಕೊಡಬೇಕು, ಡಾಕ್ಟರನ್ನು ಕೇಳಿ ಜಿಂಕ್ ಮಾತ್ರೆಯನ್ನೂ ಕೊಡಬೇಕು. ಹೊಟ್ಟೆಯನ್ನು ಖಾಲಿ ಬಿಡುವುದೂ ಬೇಡ. ಹಸಿವಾದ ಕೂಡಲೇ ಗಂಜಿ, ಉಪ್ಪು ಹಾಕಿದ ನೀರುಮಜ್ಜಿಗೆ, ಮೆತ್ತಗಿನ ಅನ್ನ, ಬಾಳೆಹಣ್ಣು. ಭೇದಿ ನಿಲ್ಲಿಸುವ ಮಾತ್ರೆಯನ್ನು ಮೆಡಿಕಲ್ ಶಾಪಿನವನ ಮಾತು ಕೇಳಿ ನುಂಗಬೇಡ. ಜ್ವರ, ರಕ್ತ ಇರುವಾಗ ಅದು ರೋಗವನ್ನು ಒಳಗೇ ಕೂಡಿಹಾಕುತ್ತದೆ, ಮಕ್ಕಳಿಗಂತೂ ಕೊಡಲೇಬಾರದು. ಹಳೇ ಚೀಟಿಯ ಆಂಟಿಬಯೋಟಿಕ್ ಕೂಡ ಬೇಡ. ಬಹಳ ಸಲ ಅದರ ಅಗತ್ಯವೇ ಇರುವುದಿಲ್ಲ, ಮೇಲೆ ಹೇಳಿದ ವಿಷಗಳಿಗೆ ಅದು ನಾಟುವುದೇ ಇಲ್ಲ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು, ಉಪ್ಪುನೀರು ಕುಡಿಸಿ ಕಕ್ಕಿಸುವುದು ಯಾರು ಹೇಳಿದರೂ ಮಾಡಬೇಡ. ನಿಮ್ಮಪ್ಪನಂತೆ ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರಿಗೆ ಹೀಗಾದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ ಮಾತ್ರೆ ಮುಂದುವರಿಸಬೇಕೋ ಬೇಡವೋ ಕೇಳಬೇಕು, ತಾವೇ ತೀರ್ಮಾನಿಸಬಾರದು.

ಈಗ ಹೇಳುವುದನ್ನು ಮೂವರೂ ನೆನಪಿಡಿ. ಮಲದಲ್ಲಿ ಅಥವಾ ವಾಂತಿಯಲ್ಲಿ ರಕ್ತ, 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಕುಡಿದದ್ದು ಒಂದು ಗುಟುಕೂ ನಿಲ್ಲದ ವಾಂತಿ, ಆರೆಂಟು ಗಂಟೆ ಮೂತ್ರವೇ ಆಗದಿರುವುದು, ಎದ್ದು ನಿಂತರೆ ಕಣ್ಣು ಕತ್ತಲಿಡುವುದು, ಮಾತು ತಡಬಡಿಸುವುದು, ಮೂರು ದಿನವಾದರೂ ನಿಲ್ಲದ ಭೇದಿ. ಇದರಲ್ಲಿ ಒಂದಾದರೂ ಕಂಡರೆ ಆಸ್ಪತ್ರೆಗೆ. ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋತುಬೀಳುವುದು, ನುಂಗಲಾಗದಿರುವುದು ಕಂಡರೆ ಅದು ನರಕ್ಕೆ ತಗುಲಿದ ವಿಷ, ಆ ಕ್ಷಣವೇ ಹೊರಡಬೇಕು. ಕೂಸು, ಬಸುರಿ, ವಯಸ್ಸಾದವರಾದರೆ ಈ ಲಕ್ಷಣಗಳಿಗೆ ಕಾಯುವುದೇ ಬೇಡ. ಕೂಸಿನ ಕಣ್ಣು ಗುಳಿಬಿದ್ದು, ನೆತ್ತಿ ತಗ್ಗಾಗಿ, ಅತ್ತರೂ ಕಣ್ಣೀರು ಬಾರದಿದ್ದರೆ ಬಹಳ ನೀರು ಹೋಗಿದೆ ಅಂತ ಅರ್ಥ. ರಾತ್ರಿ ಎರಡು ಗಂಟೆಗೆ ಗೆಳೆಯ ‘ಬೆಳಗ್ಗೆ ನೋಡೋಣ ಬಿಡೋ’ ಅಂದರೂ ನೀನು ಒಪ್ಪಬೇಡ. ಸಂಕೋಚಕ್ಕೆ ತಡಮಾಡಿ ಬಂದವರನ್ನು ನಾನು ಬಹಳ ನೋಡಿದ್ದೇನೆ, ಅವರಲ್ಲಿ ಎಲ್ಲರೂ ಮನೆಗೆ ಮರಳಲಿಲ್ಲ.

ಆಸ್ಪತ್ರೆಗೆ ಹೋಗುವಾಗ ಮಿಕ್ಕ ಊಟವನ್ನು ಚೆಲ್ಲಬೇಡ. ಡಬ್ಬಿಗೆ ಹಾಕಿ, ‘ತಿನ್ನಬೇಡಿ’ ಅಂತ ಬರೆದು ಫ್ರಿಜ್ಜಿನಲ್ಲಿಡು, ಪರೀಕ್ಷೆಗೆ ಬೇಕಾಗಬಹುದು. ಒಂದೇ ಕಡೆ ತಿಂದ ಹಲವರಿಗೆ ಹೀಗಾಗಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸು, ಅದು ದೂರಲ್ಲ, ಮಾರನೇ ದಿನ ಅಲ್ಲಿ ತಿನ್ನಲು ಹೋಗುವವರಿಗೆ ಮಾಡುವ ಉಪಕಾರ. ಗುಣವಾದ ಮೇಲೆ ಪಾಯಖಾನೆಯನ್ನು, ನಲ್ಲಿಯ ತಿರುಪನ್ನು, ಬಾಗಿಲ ಚಿಲಕವನ್ನು ಬ್ಲೀಚಿಂಗ್ ನೀರಿನಿಂದ ಒರೆಸು. ವಾಂತಿ, ಭೇದಿ ಪೂರ್ತಿ ನಿಂತು ಎರಡು ದಿನ ಕಳೆಯುವವರೆಗೆ ನೀನು ಉಳಿದಿಬ್ಬರಿಗೆ ಅಡುಗೆ ಮಾಡಬೇಡ. ಆ ಎರಡು ದಿನ ಅವರು ಬೇಯಿಸಿ ನಿನಗೆ ಹಾಕಲಿ.

ಓಆರ್‌ಎಸ್ ಪೊಟ್ಟಣ ಆರು, ಒಂದು ಥರ್ಮಾಮೀಟರು ಇವತ್ತೇ ತಂದು ಅಡುಗೆಮನೆಯ ಗೋಡೆ ಬೀರುವಿನಲ್ಲಿಡು. ಪೊಟ್ಟಣದ ಅವಧಿ ಮುಗಿಯುವ ತಾರೀಕು ನೋಡಿ ತೆಗೆದುಕೋ.

ನಿನ್ನ ದೊಡ್ಡಮ್ಮ